ಕೂರುವವರಿದ್ದರೆ ದೊಡ್ಡದು

ನಾಲ್ವರು ಸೇರಿ ತಳ್ಳಿದರು. ಜಪ್ಪಯ್ಯ ಅಂದರೂ ಬ್ಯಾಟರಿ ಸತ್ತಿದ್ದ ಕಾರು ಇಳಿಜಾರು ಹತ್ತಲಿಲ್ಲ. ಚೆನ್ನೈಯ ನುಂಗಂಬಾಕ್ಕಂನ ಆ ಹಳೆಯ ಕಟ್ಟಡದ ಪಾರ್ಕಿಂಗು ರಸ್ತೆಗಿಂತ ತಗ್ಗಿನಲ್ಲಿತ್ತು. ಮೇಲಿನ ಮನೆಯಿಂದ ತೀರಿಕೊಂಡ ಸದಾನಂದರನ್ನು ಇಳಿಸಿ ಮಲಗಿಸಲು, ಸ್ನಾನ ಮಾಡಿಸಲು ಇದ್ದದ್ದು ಅದೊಂದೇ ಜಾಗ. ಅಲ್ಲಿ ಅವರದೇ ಕಾರು ಕೂತಿತ್ತು.

ಹಿಂದಿನ ಸಂಜೆ ಅವರು ಸತ್ತು ಸಿಕ್ಕಿದ್ದೂ ಅದರೊಳಗೇ. ಎಲ್ಲಿಗೋ ಹೊರಟಿದ್ದರೇನೋ ಎಂದು ಬಂದವರೆಲ್ಲ ಅಂದರು. ದಿನವೂ ಮಧ್ಯಾಹ್ನ ತಾವು ದುಡಿದ ಹಳೆಯ ಹೋಟೆಲಿಗೆ ಹೋಗುತ್ತಿದ್ದರಲ್ಲ, ಅಲ್ಲಿಗೇ ಇರಬೇಕು ಎಂದು ಹೆಂಡತಿ ಜಲಜಾಕ್ಷಿ ನಂಬಿದ್ದರು. ಬೆಳಿಗ್ಗೆ ಹಾರ ತಂದ ಹೋಟೆಲಿನವರು, ಅವರು ಅತ್ತ ಸುಳಿಯದೆ ವರ್ಷವಾಯಿತು ಎಂದುಬಿಟ್ಟರು.

"ಹಾಗಾದ್ರೆ ದಿನಾ ಎಲ್ಲಿಗೆ ಹೋಗ್ತಾ ಇದ್ದದ್ದು ಇವರು?" ಜಲಜಾಕ್ಷಿ ಸೊಸೆ ಅನ್ವಿತಾಳನ್ನು ಕೇಳಿದರು. ಅಳುವುದಕ್ಕೂ ಬಿಡದಂತೆ ಅದೇ ಮಾತು ಅವರನ್ನು ಕೊರೆಯುತ್ತಿತ್ತು.

*

ಒಲೆಯ ಮುಂದೆ ಆಯುಷ್ಯ ಸವೆಸಿದ ಸದಾನಂದರಿಗೆ ಕೊನೆಗೆ ಉಳಿದದ್ದು ಕೆಮ್ಮು. ಮನೆಯೋ ಒಂದೇ ಕೋಣೆಯದು. ಅನ್ವಿತಾ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವಳು. ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದು ಬಂದವಳ ಕಿವಿಯಲ್ಲಿ ಅವರಿಗೆ ಹತ್ತಿ ಕಂಡಿತು. ಮರುದಿನದಿಂದ ಊಟವಾದ ಕೂಡಲೇ ಹೋಟೆಲಿಗೆ ಹೋಗಿ ಬರುತ್ತೇನೆಂದು ಹೊರಡತೊಡಗಿದರು. ಹೋಟೆಲು ಬಿಟ್ಟರೂ ಹೊಗೆ ಬಿಡದ ಮನುಷ್ಯ ಎಂದು ಜಲಜಾಕ್ಷಿ ಗೊಣಗುತ್ತಿದ್ದರು.

*

ಬ್ಯಾಟರಿ ಅಂಗಡಿಯವನು ಬಂದು ಬಾನೆಟ್ ಎತ್ತಿದ. ಇದೇ ಅಳತೆಯದು ಹಾಕಿ ಎಂದ ಮಗ ಶ್ರೀಶ.

ಅಂಗಡಿಯವನು ಬೇಡವೆಂಬಂತೆ ತಲೆಯಾಡಿಸಿ ತಮಿಳಿನಲ್ಲಿ ವಿವರಿಸಿದ. ಈ ಕಾರಿಗೆ ಸಣ್ಣದೇ ಸಾಕು; ಹೋದ ವರ್ಷ ಜಾಗ ಹಿಗ್ಗಿಸಿ ದೊಡ್ಡದು ಹಾಕಿಸಿಕೊಂಡದ್ದು ಸದಾನಂದ ಅಯ್ಯನೇ. ದಿನಾ ಮಧ್ಯಾಹ್ನ ಎಂಜಿನ್ ಆರಿಸಿ ಒಳಗೆ ಕೂರುತ್ತೇನೆ, ಸೆಕೆಗೆ ಪುಟ್ಟ ಫ್ಯಾನು ತಿರುಗಬೇಕು, ಮಲಗಿರುವ ಸೊಸೆಗೆ ನನ್ನ ಕೆಮ್ಮು ಕೇಳಬಾರದು ಅಂದಿದ್ದರಂತೆ. ಇನ್ನೂ ಹಾಗೆ ಕೂರುವವರಿದ್ದರೆ ದೊಡ್ಡದು, ಇಲ್ಲದಿದ್ದರೆ ಸಣ್ಣದು; ಯಾವುದು ಹಾಕಲಿ ಎಂದು ಕೇಳಿ ಅವನು ಕಾದು ನಿಂತ.

ಅನ್ವಿತಾಳಿಗೆ ನಿಂತಲ್ಲೇ ಅಳು ಒತ್ತಿ ಬಂತು.

"ಒಂದು ಮಾತು ಹೇಳಿದ್ರೆ ನಾನೂ ಬಂದು ಪಕ್ಕ ಕೂರ್ತಿದ್ದೆನಲ್ಲ," ಎಂದರು ಜಲಜಾಕ್ಷಿ. ಮಗನತ್ತ ತಿರುಗಿ ಹೇಳಿದರು: "ಇನ್ನು ಯಾರಿದ್ದಾರೆ ಕೂರ್ಲಿಕ್ಕೆ. ಸಣ್ಣದೇ ಹಾಕಿಸು."

ಸಣ್ಣ ಬ್ಯಾಟರಿ ಹಾಕಿಯಾಯಿತು. ಶ್ರೀಶನ ಕೈಯಿಂದ ಕೀಲಿಯನ್ನು ಅನ್ವಿತಾ ಇಸಿದುಕೊಂಡು ಒಳಗೆ ಕೂತಳು. ಸೀಟು ಪೂರ್ತಿ ಹಿಂದಕ್ಕೆ ಒರಗಿತ್ತು. ಅದನ್ನು ನೆಟ್ಟಗೆ ಮಾಡಿ ಕೀಲಿ ತಿರುಗಿಸಿದಳು. ಎಂಜಿನ್ನಿನ ಜೊತೆಗೇ, ಮಾವ ಆರಿಸದೆ ಹೋಗಿದ್ದ ಫ್ಯಾನು ತಿರುಗಿ ಅವಳ ಒದ್ದೆ ಮುಖಕ್ಕೆ ಗಾಳಿ ಬೀಸತೊಡಗಿತು. ಅದನ್ನು ಆರಿಸದೆಯೇ ಅವಳು ಕಾರನ್ನು ರಸ್ತೆಗೆ ಏರಿಸಿದಳು.