ಕೂಗಿದ ಅಳತೆ

ಟಕ್ — ಅಳತೆ ಟೇಪಿನ ಬೀಗ ಬಿದ್ದ ಸದ್ದು, ಅಷ್ಟೇ, ಬೇರೇನೂ ಅಲ್ಲ, ಆದರೂ ಎದೆ ಒಮ್ಮೆ ಹಾರಿ ಕೂತಿತು, ಆ ರಾತ್ರಿಯೂ ಇಷ್ಟೇ ಕೇಳಿಸಿದ್ದು, ಹಳೇ ವ್ಯಾನಿನ ಕತ್ತಲಲ್ಲಿ ಟಕ್, ಬೇಸ್ ಬಾಕ್ಸಿಗೆ, ಆ ದೊಡ್ಡ ಸ್ಪೀಕರ್ ಪೆಟ್ಟಿಗೆಗೆ, ಬಿಗಿದಿದ್ದ ಬೆಲ್ಟಿನ ಕೊಂಡಿ ಬಿಟ್ಟ ಸದ್ದು, ಏನದು ಅಂತ ಕತ್ತು ತಿರುಗಿಸುವಷ್ಟರಲ್ಲಿ — ಬೇಡ, ಈಗ ಬೇಡ, ಕೈಯಲ್ಲಿರುವ ಕೆಲಸ ನೋಡು. ಈಗ ಹಗಲು. ಹಳೇ ಗಾಡಿ ಮಾರುವವನ ಅಂಗಳ, ಕಪ್ಪು ಕಾರಿನ ಹಿಂಭಾಗ, ಮಡಿಸಿದ ಹಿಂದಿನ ಸೀಟುಗಳ ಮೇಲೆ ಮಂಡಿಯೂರಿದ ನಾನು, ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ, ಯಾರೋ ಚೆಲ್ಲಿದ ಸೆಂಟನ್ನು ಯಾರೋ ಸೋಪಿನಿಂದ ಒರೆಸಿದ ವಾಸನೆ. ಭಾವನಿಗೆ ಒಳಗೆ ನುಗ್ಗಲು ಹೊಟ್ಟೆ ಬಿಡುವುದಿಲ್ಲ, ಗಂಡನಿಗೆ ಸೊಂಟ ಬಗ್ಗುವುದಿಲ್ಲ, ಹಾಗಾಗಿ ನಮ್ಮ ಅಳತೆಗೋಲನ್ನೇ ಒಳಗೆ ಕಳಿಸೋಣ ಅಂದರು ಭಾವ, ನನಗೆ ಅವರಿಟ್ಟ ಹೆಸರು ಅದು, ನಾನು ಉಪ್ಪಿಗೂ ಚಮಚ ಹಾಕಿ ಅಳೆಯುತ್ತೇನೆ, ಮಾತನ್ನೂ ಅಳೆದು ಆಡುತ್ತೇನೆ, ಕಾಲೇಜು ಮೆಟ್ಟಿಲು ಹತ್ತಿದವಳು ನೋಡಿ, ಅಂತ ಬಂದವರ ಮುಂದೆಲ್ಲ ನಗುತ್ತಾರೆ. ನಗಲಿ. ಅಳೆಯುವವಳ ಕೈಗೇ ಟೇಪು ಬಂದಿದೆ ಇವತ್ತು.

ಕಾರು ಚೆನ್ನಾಗಿದೆ, ಇಲ್ಲ ಅನ್ನಲಾರೆ, ಏಳು ಸೀಟು, ಕನ್ನಡಿಯಂಥ ಬಣ್ಣ, ಭಾವ ಬಂದ ತಕ್ಷಣ ಸ್ಟಿಯರಿಂಗ್ ಹಿಂದೆ ಕೂತು ಕನ್ನಡಿ ತಿರುಗಿಸಿ ತಮ್ಮ ಮೀಸೆಯನ್ನೇ ನೋಡಿಕೊಂಡರು, ಸೌಂಡಿನವನು ಬಂದ ಅಂತ ಹಿತ್ತಲ ಬಾಗಿಲು ತೋರಿಸ್ತಿದ್ದವರು ಇನ್ನು ಮುಂಬಾಗಿಲು ತೆಗೀಬೇಕು ಕಣೋ ಅಂದರು ನನ್ನ ಗಂಡನಿಗೆ, ಇವರು ಹೂಂ ಅಣ್ಣ ಅಂದರು. ಇವರ ಬಾಯಲ್ಲಿ ಹೂಂ ಅಣ್ಣ ಅನ್ನುವುದು ಉಸಿರಿನ ಹಾಗೆ, ಒಳಗೆ ಹೋಗುತ್ತೆ, ಹೊರಗೆ ಬರುತ್ತೆ. ಸೌಂಡು, ಲೈಟು ಬಾಡಿಗೆಗೆ ಕೊಡುವ ಈ ಕೆಲಸ ಕಟ್ಟಿದ್ದೇ ಅಣ್ಣ, ಮದುವೆಯೂ ಆಗದೆ ಸ್ಪೀಕರನ್ನೇ ಕಟ್ಟಿಕೊಂಡ ಮಹಾತ್ಮ, ಒಂದೇ ಮನೆ, ಒಂದೇ ಗಾಡಿ, ಸಾಮಾನೂ ಅದರಲ್ಲೇ, ಸಂಸಾರವೂ ಅದರಲ್ಲೇ, ಜಾಗ ಸಾಲದಿದ್ದರೆ ಇಳಿಯುವುದು ಯಾವತ್ತೂ ಸಾಮಾನಲ್ಲ. ಪಕ್ಕದಲ್ಲಿ ಬಿಳಿ ವ್ಯಾನು ನಿಂತಿದೆ, ಅದನ್ನು ನಾನು ಮೊದಲೇ ನೋಡಿಟ್ಟಿದ್ದೆ, ಮೂತಿ ಇಲ್ಲ, ಮುಖ ಇಲ್ಲ, ಮುಂದೆ ಎರಡು ಸಾಲು ಸೀಟು, ಅದರ ಹಿಂದೆ ನೆಲದಿಂದ ಸೂರಿನವರೆಗೆ ಬೆಸುಗೆ ಹಾಕಿದ ಕಬ್ಬಿಣದ ಜಾಲರಿ, ಸಾಮಾನು ಆ ಕಡೆ, ಜನ ಈ ಕಡೆ. ಭಾವ ಅದನ್ನು ಒಂದು ಸುತ್ತು ಬಂದು, ಇದರಲ್ಲಿ ಹೋದರೆ ಬೇಕರಿ ಗಾಡಿ ಬಂತು, ಎರಡು ಬನ್ನು ಕೊಡಪ್ಪ ಅಂತಾರೆ ಜನ ಅಂದರು, ಮಾರುವವನು ಹೊಟ್ಟೆ ಹಿಡಿದು ನಕ್ಕ, ಗಂಡನೂ ನಕ್ಕರು, ಕಾರಿಗೇ ಒಂದು ಜಾಲರಿ ಹಾಕಿಸಬಹುದಲ್ಲ ಅಂದೆ ನಾನು, ಮೆಲ್ಲಗೆ, ಭಾವ ಹುಬ್ಬೇರಿಸಿ ಯಾಕಮ್ಮ, ಹುಲಿ ಸಾಕ್ತೀವಾ ಅಂದರು. ಮತ್ತೆ ನಗು. ಮಗಳು ಬಿಳಿ ವ್ಯಾನಿನ ನೆರಳಲ್ಲಿ ನಿಂತಿದ್ದಳು, ಅವಳು ನಗಲಿಲ್ಲ, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು, ಹೊಸಬರ ಮುಂದೆ ಹಾಗೇ ನಿಲ್ಲುತ್ತಾಳೆ, ಆ ಬೆರಳು ಯಾರಿಗೂ ಕಾಣಬಾರದು.

ಆ ರಾತ್ರಿ ಕಾರ್ಯಕ್ರಮಕ್ಕೆ ಒಂದು ಸ್ಪೀಕರ್ ಹೆಚ್ಚು ಬೇಕಾಗಿತ್ತು, ಭಾವ ಸ್ಪ್ಯಾನರ್ ತಂದು ಮಗಳ ಸೀಟು ಬಿಚ್ಚಿ ಶೆಡ್ಡಿನಲ್ಲಿಟ್ಟರು, ಮಗು ತಾನೇ, ಎಲ್ಲಾದರೂ ಮುದುಡಿಕೊಳ್ಳುತ್ತೆ, ಬೆಕ್ಕಿನ ಹಾಗೆ, ಅಂದರು, ನಾನು ಏನಾದರೂ ಅಂದೆನೇ, ಅಂದೆ, ಅಂದಿದ್ದೆ, ಬೇಡ ಭಾವ ಅಂದಿದ್ದೆ, ಗಂಡ ನನ್ನ ಕಡೆ ನೋಡಿದರು, ಆ ನೋಟದ ಅರ್ಥ ಸುಮ್ಮನಿರು. ವಾಪಸು ಬರುವಾಗ ಕೇಬಲ್ ಸುರುಳಿಗಳ ಮೇಲೆ ರಗ್ಗು ಹಾಸಿ ಮಲಗಿಸಿದೆ, ಭಾವ ಸ್ಟಿಯರಿಂಗ್ ಬಿಟ್ಟ ಒಂದು ಕೈಯಾಡಿಸುತ್ತ, ಹಿಂದೆ ತಿರುಗಿ ತಿರುಗಿ, ಮೈಕಿನ ಮುಂದೆ ಮಾತು ಮರೆತ ಯಾವನೋ ದೊಡ್ಡ ಮನುಷ್ಯನ ಕಥೆ ಹೇಳುತ್ತಿದ್ದರು, ಟಕ್, ಆಮೇಲೆ ಬ್ರೇಕು, ಆಮೇಲೆ ಸೊಂಟದೆತ್ತರದ ಪೆಟ್ಟಿಗೆ ಜಾರಿ ಬಂದು ವ್ಯಾನಿನ ಗೋಡೆಗೆ ಬಡಿದ ಸದ್ದು, ಆ ಸದ್ದಿನ ನಡುವೆ ನನ್ನ ಮಗಳ ಕೈ. ಕೂಗಿದಳು, ನಾನೂ ಕೂಗಿದೆ, ಗಾಡಿ ನಿಂತಿತು, ಭಾವ ಓಡಿ ಬಂದು ಹಿಂಬಾಗಿಲು ತೆಗೆದರು, ಟಾರ್ಚು ಹಾಕಿದರು, ಆ ಬೆಳಕು ಮೊದಲು ಬಿದ್ದದ್ದು ಎಲ್ಲಿಗೆ ಅಂತ ನನಗೊಬ್ಬಳಿಗೇ ಗೊತ್ತು, ಗಂಡ ಇನ್ನೂ ಮುಂದಿನ ಬಾಗಿಲಲ್ಲೇ ಇದ್ದರು, ಟಾರ್ಚು ಸ್ಪೀಕರಿನ ಮುಖದ ಮೇಲೆ ಬಿತ್ತು, ಭಾವ ಅಂಗೈಯಿಂದ ಅದರ ನಡುವಿನ ಕಾಗದದ ಪೊರೆಯನ್ನು ಮೆತ್ತಗೆ ಒತ್ತಿ ನೋಡಿ — ಹಸುಗೂಸಿನ ನೆತ್ತಿ ಮುಟ್ಟುವ ಹಾಗೆ — ಹರಿದಿಲ್ಲ, ಸದ್ಯ, ಅಂದರು. ಆಮೇಲೆ ಮಗು. ಆಸ್ಪತ್ರೆಯಲ್ಲಿ ಮಾತ್ರ ಎಲ್ಲರಿಗಿಂತ ಹೆಚ್ಚು ಓಡಾಡಿದವರೂ ಅವರೇ, ಹೌದು, ಅದನ್ನೂ ಹೇಳಬೇಕು, ಅಳೆದು ಮಾತಾಡುವವಳಲ್ಲವೇ ನಾನು, ಹಣ್ಣು ತಂದರು, ಗೊಂಬೆ ತಂದರು, ಅವಳ ತಲೆ ನೇವರಿಸಿ ಒಂದು ಬೆರಳು ತಾನೇ ಪುಟ್ಟಿ, ಇನ್ನೂ ಒಂಬತ್ತಿದೆಯಲ್ಲ ಅಂದರು, ಅವಳು ನಿಜವಾಗಿಯೂ ಎಣಿಸಿ ನೋಡಿಕೊಂಡಳು. ಉಗುರು ಮತ್ತೆ ಬಂತು, ಸೊಟ್ಟಗೆ, ಬೆರಳು ಮಡಚುವುದಿಲ್ಲ. ಸ್ಪೀಕರ್ ಮಾತ್ರ ಇವತ್ತಿಗೂ ಚೆನ್ನಾಗಿ ಹಾಡುತ್ತೆ.

ಏನಮ್ಮ, ಒಳಗೇ ಸಂಸಾರ ಹೂಡಿಬಿಟ್ಟೆಯಾ, ಅಂತ ಹೊರಗಿನಿಂದ ಭಾವ. ನೋಡ್ತಿದ್ದೀನಿ ಭಾವ. ಬಾಗಿಲ ಅಗಲವನ್ನು ಅವರೇ ಅಳೆದು ಸಾಕಷ್ಟಿದೆ ಅಂದಾಗಿದೆ, ಆದರೆ ಒಳಗೆ ಎರಡೂ ಕಡೆ ಚಕ್ರ ಇರುವಲ್ಲಿ ತಗಡು ಉಬ್ಬಿಕೊಂಡಿದೆ, ಪೆಟ್ಟಿಗೆ ಕೂರಬೇಕಾದ್ದು ಆ ಎರಡು ಉಬ್ಬುಗಳ ನಡುವೆ. ನಮ್ಮ ಬೇಸ್ ಬಾಕ್ಸ್ ಮೂರು ಅಡಿ ಎರಡು ಇಂಚು ಅಗಲ, ಆ ಅಳತೆ ಮನೆಯಲ್ಲಿ ಎಲ್ಲರಿಗೂ ಮಗ್ಗಿಯ ಹಾಗೆ ಬಾಯಿಪಾಠ. ಕೊಕ್ಕೆಯನ್ನು ಒಂದು ಉಬ್ಬಿಗೆ ಆನಿಸಿದ್ದೇನೆ, ಇನ್ನೊಂದರ ಹತ್ತಿರ ಟೇಪನ್ನು ಎಳೆದು ಬೀಗ ಹಾಕಿದ್ದೇನೆ, ಬಗ್ಗಿ ನೋಡುತ್ತೇನೆ, ಮೂರು ಅಡಿ ಮೂರು ಇಂಚು. ಮತ್ತೆ ನೋಡುತ್ತೇನೆ. ಮೂರು ಅಡಿ ಮೂರು. ಹಿಡಿಯುತ್ತೆ. ಉಜ್ಜಿಕೊಂಡೇ ಆದರೂ ಹಿಡಿಯುತ್ತೆ, ಸರಿಯಾಗಿ ಮಗಳ ಸೀಟಿನ ಬೆನ್ನ ಹಿಂದೆ, ನಡುವೆ ಒಂದು ಬೆಲ್ಟು, ಒಂದು ಕೊಂಡಿ. ಇನ್ನೊಂದು ಸ್ಪೀಕರ್ ಬೇಕಾದ ದಿನ ಆ ಸೀಟನ್ನೂ ಮಡಿಸುತ್ತಾರೆ, ಇದರಲ್ಲಿ ಸ್ಪ್ಯಾನರ್ ಕೂಡ ಬೇಕಾಗಿಲ್ಲ, ಒಂದು ಗುಂಡಿ ಒತ್ತಿದರೆ ಸಾಕು, ಮಾರುವವನು ಅದನ್ನೇ ದೊಡ್ಡ ಅನುಕೂಲ ಅಂತ ಎರಡು ಸಲ ಮಾಡಿ ತೋರಿಸಿದ.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇದೆ, ಭಾವನೇ ಮಾಡಿದ್ದು, ವೇದಿಕೆ ಕಟ್ಟುವಾಗ ಟೇಪು ಹಿಡಿದವರು ಅಳತೆ ಕೂಗಬೇಕು, ಕೆಳಗಿದ್ದವರು ಅದನ್ನೇ ತಿರುಗಿ ಕೂಗಬೇಕು, ಅಲ್ಲಿಗೆ ಮುಗಿಯಿತು, ಎರಡನೇ ಸಲ ಯಾರೂ ಅಳೆಯುವ ಹಾಗಿಲ್ಲ, ಅಳೆದರೆ ಹಿಡಿದವನ ಮುಖಕ್ಕೆ ಉಗುಳಿದ ಹಾಗೆ ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ಅದು ಇಷ್ಟವಾಗಿತ್ತು, ಒಬ್ಬರ ಕಣ್ಣನ್ನು ಇನ್ನೊಬ್ಬರು ನಂಬುವುದು. ಈಗ ನನ್ನ ಹೆಬ್ಬೆರಳು ಟೇಪಿನ ಮೇಲೆ ಇದೆ, ಮೂರು ಇಂಚಿನ ಅಂಕಿಯ ಮೇಲೆ, ನಾನು ಇಟ್ಟದ್ದಲ್ಲ, ತಾನಾಗಿ ಹೋಗಿ ಕೂತಿದೆ. ಗಾಜಿನಾಚೆ ಭಾವ ಕಾರಿನ ಬೆನ್ನು ಸವರುತ್ತಿದ್ದಾರೆ, ಮೆತ್ತಗೆ, ಅಂಗೈಯಿಂದ, ಅದೇ ಅಂಗೈ. ಇಷ್ಟು ದಿನ ಈ ಮನೆಯಲ್ಲಿ ಒಂದೂ ಸುಳ್ಳು ಹೇಳಿದವಳಲ್ಲ, ಹೇಳಿದ್ದರೆ ಇವತ್ತು ನಂಬುತ್ತಿರಲಿಲ್ಲ, ಹಾಗಾದರೆ ಇಷ್ಟು ದಿನದ ನಿಜವೆಲ್ಲ ಇದಕ್ಕೇ ಕೂಡಿಟ್ಟದ್ದೇ — ಏನಮ್ಮ ಅಳತೆಗೋಲು, ಕೂಗು.

ಮೂರು ಅಡಿ, ಭಾವ.

ಅವರು ತಿರುಗಿ ಕೂಗಲಿಲ್ಲ. ಅಂಗಳದಲ್ಲಿ ಎಲ್ಲೋ ಒಂದು ಇಂಜಿನ್ ಕೆಮ್ಮಿ ನಿಂತಿತು, ಕೂಗಿ, ತಿರುಗಿ ಕೂಗಿ, ಕಟ್ಟಳೆ ನಿಮ್ಮದೇ, ಅಂತ ನನ್ನೊಳಗೆ ಯಾವಳೋ ಹಲ್ಲು ಕಚ್ಚಿ ಹೇಳುತ್ತಿದ್ದಳು, ಆಮೇಲೆ ಬಂತು, ಮೂರು ಅಡಿ, ಬಾವಿಯೊಳಗಿಂದ ಬಂದ ಹಾಗೆ. ಕಾರಿನ ಮೇಲಿದ್ದ ಕೈ ಕೆಳಗಿಳಿಯಿತು. ಎರಡೇ ಇಂಚು ಕಮ್ಮಿ ಅಣ್ಣ, ಇನ್ನೊಂದು ಸಲ ಬೇಕಾದರೆ ನಾನೇ ನೋಡ್ತೀನಿ, ಅಂತ ಗಂಡ ಬಾಗಿಲ ಹತ್ತಿರ ಬಂದರು, ಬಗ್ಗದ ಸೊಂಟ ಬಗ್ಗಿಸಿದರು. ಅವರನ್ನು ತಡೆದದ್ದು ಭಾವನೇ.

ಕೂಗಿದ ಅಳತೆ ಮತ್ತೆ ಅಳೀತಾರೇನೋ? ಅವಳು ತಪ್ಪೋಳಲ್ಲ.

ಕರುಣೆ ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ, ಸಂತೋಷ ಬಂತು, ಖಾರದ ಹಾಗೆ ಕಿವಿಯವರೆಗೆ ಏರಿ ಬಂತು, ಇನ್ನು ಬನ್ನಿನ ಗಾಡಿಯಲ್ಲಿ ಓಡಾಡಿ ಭಾವ, ಹಿತ್ತಲ ಬಾಗಿಲಿಗೇ ಹೋಗಿ, ನಿಮ್ಮ ಮುದ್ದಿನ ಪೆಟ್ಟಿಗೆ ಜಾಲರಿಯ ಹಿಂದೆ ಹುಲಿಯ ಹಾಗೆ ಕೂತು ಬರಲಿ, ನನ್ನ ಮಗಳು ಈ ಕಡೆ ಕಾಲು ಚಾಚಿ ನಿದ್ದೆ ಮಾಡಲಿ. ಅವರು ಬಿಳಿ ವ್ಯಾನಿನ ಕಡೆ ನಡೆಯುತ್ತಿದ್ದಾರೆ, ಮಾರುವವನು ಹಿಂದೆಯೇ, ಮಗಳು ಆಗಲೇ ಒಳಗೆ ಹತ್ತಿ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡುತ್ತಿದ್ದಾಳೆ, ಎರಡೂ ಕೈ, ಬೆರಳೆಲ್ಲ ಹೊರಗೆ, ಅದು ಅಲುಗುವುದಿಲ್ಲ. ಗಂಡನಿಗೆ ಹೇಳುವುದಿಲ್ಲ, ಹೇಳಿದರೆ ಹೂಂ ಅಂತ ಅಣ್ಣನ ಹತ್ತಿರ ಹೋಗುತ್ತಾರೆ. ಮಗಳಿಗೆ ದೊಡ್ಡವಳಾದ ಮೇಲೂ ಹೇಳುವುದಿಲ್ಲ. ನಾಳೆ ಭಾವ ಸೋತ ಮುಖ ಹೊತ್ತು ಊಟಕ್ಕೆ ಕೂತಾಗಲೂ, ಸಾಯುವ ಕಾಲಕ್ಕೆ ಯಾರಾದರೂ ಏನಾದರೂ ಹೇಳುವುದಿದೆಯಾ ಅಂತ ಕೇಳಿದರೂ, ಇಲ್ಲ, ಏನೂ ಇಲ್ಲ. ಬಾಮ್ಮ, ಇದನ್ನೂ ಅಳೆದುಬಿಡು ಅಂತ ಕರೆಯುತ್ತಿದ್ದಾರೆ, ಬಂದೆ ಭಾವ, ಬಂದೆ, ಬೀಗ ತೆಗೆದು ಟೇಪನ್ನು ಸುತ್ತಿಕೊಳ್ಳಲು ಬಿಡಬೇಕು, ಬಿಡಲು ಬೆರಳು ಎತ್ತಬೇಕು, ಎತ್ತಿದರೆ ಅಂಕಿ ಕಾಣುತ್ತೆ, ನೋಡುವವರು ಯಾರೂ ಇಲ್ಲ, ಆದರೂ ಅದು ಏಳುತ್ತಿಲ್ಲ, ಹಳದಿ ಪಟ್ಟಿಯ ಮೇಲೆ, ಒತ್ತಿ ಒತ್ತಿ ಬಿಳಿಚಿದ ಉಗುರು, ನನ್ನ ಹೆಬ್ಬೆರಳು.