ಅಕ್ಕ ಕೂರಿಸಿದ ತುದಿ

ಮಹಡಿ ಮೆಟ್ಟಿಲ ಕೆಳಗಿನ ಆ ಅಂಗಡಿಯಲ್ಲಿ ಪೆನ್ ರಿಪೇರಿಯವನು ಒಬ್ಬನೇ ಕೂರತೊಡಗಿ ಹತ್ತೊಂಬತ್ತು ವರ್ಷವಾಗಿತ್ತು. ಬಾಗಿದ ನಿಬ್ಬನ್ನು ನೆಟ್ಟಗೆ ಮಾಡುವುದು, ಕೆರೆಯುವ ನಿಬ್ಬಿಗೆ ಸಾಣೆ ಹಿಡಿಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ತುದಿಯೇ ಉದುರಿದ ನಿಬ್ಬು ಬಂದರೆ ಮಾತ್ರ ತಲೆಯೆತ್ತದೆ "ಆಗಲ್ಲ" ಎನ್ನುತ್ತಿದ್ದ.

ಅವತ್ತು ಕೋರ್ಟಿನ ಗುಮಾಸ್ತೆ ತಂದಿದ್ದು ಅಂಥದೇ ಒಂದು. ನಿಬ್ಬೇನೋ ಚಿನ್ನದ್ದು. ಆದರೆ ಚಿನ್ನ ಮೆತ್ತಗಿನ ಲೋಹ, ಕಾಗದದ ಮೇಲೆ ಓಡಾಡಿದರೆ ತೇಯ್ದುಹೋಗುತ್ತದೆ. ಅದಕ್ಕೇ ತುದಿಗೆ ಸಾಸಿವೆಗಿಂತ ಸಣ್ಣದೊಂದು ಇರಿಡಿಯಂ ಕಾಳು ಬೆಸೆದಿರುತ್ತಾರೆ. ಆ ಕಾಳೇ ಬಿದ್ದುಹೋಗಿತ್ತು.

"ಆಗಲ್ಲ ಮೇಡಂ."

"ಆಗಲ್ಲ ಅಂದ್ರೆ? ಇಪ್ಪತ್ತು ವರ್ಷದ ಹಿಂದೆ ಇಲ್ಲೇ ಹಾಕ್ಸಿದ್ದು. ಕಪ್ಪು ಕನ್ನಡಕ ಹಾಕ್ಕೊಂಡು ಬೆಂಕಿ ಮುಂದೆ ಕೂತಿರ್ತಿದ್ರಲ್ಲ ಒಬ್ರು, ಎಲ್ಲಿ ಈಗ ಅವರು?"

"ನಮ್ಮಕ್ಕ," ಎಂದ. ಆ ಮಾತು ಅವನ ಬಾಯಿಂದ ಹೊರಬಿದ್ದು ಎಷ್ಟೋ ಕಾಲವಾಗಿತ್ತು. "ಇಟ್ಟು ಹೋಗಿ, ನೋಡೋಣ."

ಅಪ್ಪ ತೀರಿಕೊಂಡಾಗ ಅಂಗಡಿ ಅವನ ಪಾಲಿಗೆ ಬಂತು. ಅಕ್ಕ ಕೇಳಿದ್ದು ಎರಡೇ: ತಾನು ಬೆಸೆಯುತ್ತಿದ್ದ ಗ್ಯಾಸ್ ಟಾರ್ಚು, ಇರಿಡಿಯಂ ಕಾಳುಗಳ ಸೀಸೆ. "ಅಂಗಡಿ ಸಾಮಾನು ಅಂಗಡೀಲೇ ಇರ್ಲಿ ಕಣಕ್ಕಾ," ಎಂದುಬಿಟ್ಟ. ಚಪ್ಪಲಿ ಮೆಟ್ಟಿಕೊಂಡು ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆಮೇಲೊಮ್ಮೆ ತಾನೇ ಕೈಹಾಕಿ ನೋಡಿದ. ಬೆಂಕಿ ಒಂದು ಗಳಿಗೆ ಹೆಚ್ಚು ತಾಗಿ ಗಿರಾಕಿಯ ನಿಬ್ಬು ಕರಗಿ ಮುದ್ದೆಯಾಯಿತು. ಸೀಸೆ ಬೀರು ಸೇರಿತು.

ಮಾರನೆಯ ದಿನ ಅಂಗಡಿ ತೆರೆಯಲಿಲ್ಲ. ಟಾರ್ಚು, ಸೀಸೆ, ನಿಬ್ಬು ಎಲ್ಲ ಚೀಲಕ್ಕೆ ಹಾಕಿಕೊಂಡು, ಎರಡು ಬಸ್ಸು ಬದಲಿಸಿ, ಅಕ್ಕನ ಮನೆಯ ಬಾಗಿಲು ತಟ್ಟಿದ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಅವಳ ನರೆಗೂದಲು ಕಂಡದ್ದೇ ಮರೆತುಹೋಯಿತು. ಚೀಲ ಚಾಚಿದ.

ಅವಳು ಅದರೊಳಗೆ ಕೈಯಾಡಿಸಿ, ಸೀಸೆ ತೆಗೆದು ಬೆಳಕಿಗೆ ಹಿಡಿದಳು.

"ಹಾಗೇ ಇದೆಯಲ್ಲೋ."

"ನಂಗೆ ಬರ್ಲಿಲ್ಲ ಅಕ್ಕಾ."

ಅವಳು ಅಡುಗೆಮನೆಯ ಕಿಟಕಿ ಪಕ್ಕ ಕೂತು ಟಾರ್ಚು ಹೊತ್ತಿಸಿದಳು. ಸೀಸೆಯಿಂದ ಒಂದು ಕಾಳು ತೆಗೆದು ನಿಬ್ಬಿನ ತುದಿಗೆ ಕೂರಿಸಿ ಉರಿ ತಾಗಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಳು ಚಿನ್ನವನ್ನು ಕಚ್ಚಿಕೊಂಡಿತು.

"ಶಾಯಿ ಇಳಿಯೋ ಸೀಳು ನೀನೇ ಕೊಯ್ಕೋ. ಅದು ನಿಂಗೆ ಬರುತ್ತೆ," ಎಂದು ನಿಬ್ಬು ಕೊಟ್ಟಳು. ಟಾರ್ಚನ್ನೂ ಸೀಸೆಯನ್ನೂ ತನ್ನ ಬದಿಗೆ ಸರಿಸಿಕೊಂಡಳು. ಅವನು ಬೇಡವೆನ್ನಲಿಲ್ಲ.

"ಅಕ್ಕಾ, ಅವತ್ತು ನಾನು..."

"ಬಸ್ಸು ತಪ್ಪಿ ಹೋಗುತ್ತೆ ನೋಡು." ಬಾಗಿಲವರೆಗೆ ಬಂದವಳು, "ಇನ್ಮೇಲೆ ಇಂಥದ್ದು ಬಂದ್ರೆ ಅಂಚೇಲಿ ಕಳ್ಸು. ನೀನೇ ಬರೋದೇನೂ ಬೇಡ," ಎಂದಳು.

ಮಧ್ಯಾಹ್ನದ ಬಸ್ಸು ಮುಕ್ಕಾಲು ಪಾಲು ಖಾಲಿ. ಕಂಡಕ್ಟರ್ ಬಂದಾಗ ಇಳಿಯುವ ಊರು ಹೇಳಿ, ಯಾರೂ ಕೇಳದಿದ್ದರೂ, "ಅಕ್ಕನ ಮನೆಗೆ ಹೋಗಿದ್ದೆ," ಎಂದ.

ಕಂಡಕ್ಟರ್ ಹೂಂಗುಟ್ಟಿ, ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ.