ಪ್ಲಗ್ಗಿನ ಟೋಪಿ

ಹುಲ್ಲು ಕತ್ತರಿಸುವ ಮಶೀನನ್ನು ಹೆಗಲಿಗೆ ನೇತುಹಾಕಿಕೊಂಡು ಭಾವ ನನ್ನ ಅಂಗಡಿಗೆ ಬಂದದ್ದು ಆ ವಾರದಲ್ಲಿ ಮೂರನೇ ಸಲ. ಭಾವ ಎಂದರೆ ನನ್ನ ಅಕ್ಕನ ಗಂಡ. ದೊಡ್ಡಾಸ್ಪತ್ರೆಯ ಸುತ್ತ ಬೆಳೆಯುವ ಹುಲ್ಲೆಲ್ಲ ಅವರ ಪಾಲಿನದು. ಅಲ್ಲಿಂದ ಎರಡು ಬೀದಿ ಆಚೆ ನನ್ನದು ಸಣ್ಣ ಇಂಜಿನ್ನುಗಳ ರಿಪೇರಿ ಅಂಗಡಿ. ನನ್ನ ತಲೆಗೆ ಓದು ಹತ್ತಲಿಲ್ಲ, ಇಂಜಿನ್ನು ಹತ್ತಿತು.

"ಮತ್ತೆ ಕೈ ಕೊಡ್ತು ಕಣೋ ಭಾವಮೈದ," ಎಂದು ಮಶೀನನ್ನು ಬೆಂಚಿನ ಮೇಲೆ ಇಳಿಸಿದರು. "ನೀನು ರಿಪೇರಿ ಮಾಡ್ತೀಯೋ, ಇಲ್ಲಾ ಬರೀ ತಲೆ ಸವರಿ ಕಳಿಸ್ತೀಯೋ?"

"ನಿಮ್ಮ ಸಹವಾಸ ಮಾಡಿ ಅದಕ್ಕೂ ಮೈಗಳ್ಳತನ ಬಂದಿದೆ ಭಾವ."

"ನಿಮ್ಮನೆ ಸಹವಾಸ ಮಾಡಿ ನಾನೇ ಬದುಕಿದೀನಿ. ಇದಕ್ಕೇನು ರೋಗ?"

ನಮ್ಮಿಬ್ಬರ ಮಾತು ಮೊದಲಿನಿಂದಲೂ ಹೀಗೆಯೇ.

ಮೊದಲ ಸಲ ಬಂದಾಗ, ಪೆಟ್ರೋಲು ಹಳೆಯದಾಗಿರಬೇಕು ಎಂದು ಚೆಲ್ಲಿ, ಆಯಿಲ್ ಬೆರೆಸಿದ ಹೊಸ ಪೆಟ್ರೋಲು ತುಂಬಿದ್ದೆ. ಎರಡನೇ ಸಲ ಗಾಳಿಯ ಫಿಲ್ಟರು ತೊಳೆದು, ಕಾರ್ಬೊರೇಟರ್ ಬಿಚ್ಚಿ ಊದಿ, ಕಿಡಿ ಹಾರಿಸುವ ಪ್ಲಗ್ಗಿಗೆ ಹಿಡಿದ ಮಸಿ ಕೆರೆದಿದ್ದೆ. ಎರಡು ಸಲವೂ ನಾನು ಸ್ಟಾರ್ಟಿನ ಹಗ್ಗ ಎಳೆದ ಕೂಡಲೇ ಅದು ಕೂಗಿಕೊಂಡು ಎದ್ದಿತ್ತು. ಇಂಜಿನ್ನು ಏಳಲು ಎಣ್ಣೆ ಬೇಕು, ಗಾಳಿ ಬೇಕು, ಕಿಡಿ ಬೇಕು. ಅವೆಲ್ಲ ಇದ್ದೂ ಏಳದಿದ್ದರೆ ಹುಡುಕುವ ಜಾಗ ಬೇರೆ.

"ಈ ಸಲ ನೀವೇ ಎಳೀರಿ. ನಾನು ನೋಡ್ತೀನಿ," ಎಂದೆ.

"ಮೊದ್ಲು ಟೀ ತರ್ಸು."

"ಟೀ ಎಲ್ಲಿ ಓಡಿಹೋಗತ್ತೆ?"

"ಬಿಸಿಲಲ್ಲಿ ಹೊತ್ಕೊಂಡ್ ಬಂದಿದೀನಪ್ಪಾ, ಉಸಿರಾದ್ರೂ ಬಿಡ್ಲಾ?"

ಟೀ ಬಂತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮಗು ಹಾಲು ಕುಡಿಯುವ ಹಾಗೆ ಕುಡಿದರು. ಆಮೇಲೆ ಎದ್ದು, ಮಶೀನನ್ನು ನೆಲಕ್ಕಿಳಿಸಿ, ಎಡಗೈಯಲ್ಲಿ ಅದುಮಿಕೊಂಡು, ಹಗ್ಗದ ಹಿಡಿಗೆ ಬಲಗೈ ಹಾಕಿ ಎಳೆದರು. ಹಗ್ಗ ಅರ್ಧ ಬಂತು. ಅಷ್ಟರಲ್ಲಿ ಅವರ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಹಿಡಿ ಹಿಂದಕ್ಕೆ ಹೋಗಿ ಟಕ್ ಎಂದು ಬಡಿಯಿತು.

"ನೋಡ್ದಾ? ದರಿದ್ರದ್ದು!"

ಮತ್ತೆ ಎಳೆದರು. ಮತ್ತೆ ಟಕ್.

ನಾನು ಮಶೀನನ್ನು ನೋಡುತ್ತಿರಲಿಲ್ಲ. ಅವರ ಬಲಗೈಯಲ್ಲಿ ಹೆಬ್ಬೆರಳಿನ ಬುಡದ ಮಾಂಸ ಕುಸಿದು ಗುಳಿ ಬಿದ್ದಿತ್ತು. ಅಂಗಿಯ ಗುಂಡಿಗಳು ಕುತ್ತಿಗೆಯವರೆಗೂ ಹಾಕಿದ್ದವು. ಜೀವಮಾನದಲ್ಲಿ ಮೇಲಿನ ಗುಂಡಿ ಹಾಕಿದವರಲ್ಲ ಭಾವ. ಅದು ಅಕ್ಕನ ಕೆಲಸ. ಕೈ ಕೊಟ್ಟದ್ದು ಯಾವುದು ಎಂದು ನನಗೆ ಆಗ ತಿಳಿಯಿತು. ಅಕ್ಕನ ಮದುವೆಯಾದ ಹೊಸತರಲ್ಲಿ, ನಾನಿನ್ನೂ ಹುಡುಗ, ಅವರು ತೋಳು ಅಡ್ಡ ಚಾಚಿದರೆ ನಾನು ಅದಕ್ಕೆ ಜೋತುಬಿದ್ದು ತೂಗಾಡುತ್ತಿದ್ದೆ. ಆ ಕೈ ಬಗ್ಗುತ್ತಿರಲಿಲ್ಲ.

"ಯಾವಾಗಿಂದ ಭಾವ?"

"ಏನು ಯಾವಾಗಿಂದ?"

ಅವರು ಹಗ್ಗದ ಹಿಡಿಯನ್ನೇ ನೋಡುತ್ತಾ ನಿಂತರು.

"ಚಳಿ ಹೋದ ಮೇಲಿಂದ," ಎಂದರು ಕೊನೆಗೆ. "ಮೊದ್ಲು ಕಿರುಬೆರಳು. ಜೋಮು ಅಂದ್ಕೊಂಡೆ. ಆಮೇಲೆ ಒಂದೊಂದಾಗಿ ಎಲ್ಲಾ ಅದರ ಹಿಂದೆ ಹೊರಟ್ವು."

"ದಿನಾ ಆಸ್ಪತ್ರೇಲೇ ಇರ್ತೀರಿ. ಒಳಗೆ ಹೋಗಿ ತೋರಿಸ್ಬಾರ್ದಾ?"

"ತೋರಿಸಿದ್ದಾಯ್ತು. ನಿಮ್ಮಕ್ಕ ಬಿಡ್ತಾಳಾ? ನರ ಒಣಗ್ತಾ ಇದೆಯಂತೆ. ಎಡಗೈಯೂ ಹೋಗತ್ತಂತೆ. ಪಾಪ, ಒಳ್ಳೇ ಡಾಕ್ಟ್ರು ಕಣೋ. ದಿನಾ ನಿಂತು ಮಾತಾಡಿಸ್ತಿದ್ದೋರು ಅವತ್ತಿಂದ ನನ್ನ ಕಂಡ್ರೆ ಬೇರೆ ಬಾಗಿಲಲ್ಲಿ ಹೋಗ್ತಾರೆ."

ನಗಲು ನೋಡಿದರು. ನನಗೆ ನಗು ಬರಲಿಲ್ಲ.

"ಸೂಪರ್‌ವೈಸರ್ ಸಂಜೆ ಇಲ್ಲಿಗೆ ಬರ್ತಾರೆ," ಎಂದರು ಆಮೇಲೆ. "ಮಶೀನ್ ಕೆಟ್ಟಿದೆಯೋ ಇಲ್ಲಾ ನನ್ನ ಕೈಲಿ ಆಗ್ತಿಲ್ವೋ ಅಂತ ನಿನ್ನನ್ನೇ ಕೇಳ್ತಾರಂತೆ. ಮಶೀನ್ ಸರಿ ಇದೆ ಅಂದ್ರೆ ನನ್ನ ಮನೆಗೆ ಕಳಿಸ್ತಾರೆ. ಮನೇಲಿ ಕೂತು ಏನ್ಮಾಡ್ಲೋ? ನನ್ನ ಮುಖ ನೋಡಿ ನೋಡಿ ಗೋಡೆಗೂ ಬೇಜಾರಾಗತ್ತೆ."

ಅವರು ಹಿಂದಿನ ನಲ್ಲಿಯಲ್ಲಿ ಮುಖ ತೊಳೆಯಲು ಹೋದರು. ಬೆಂಚಿನ ಮುಂದೆ ಕೂತು ನಾನು ಯೋಚನೆ ಮಾಡಿದೆ. ಈಗ ಬ್ಯಾಟರಿಯ ಮಶೀನು ಬಂದಿದೆ. ಹಗ್ಗವಿಲ್ಲ, ಗುಂಡಿ ಒತ್ತಿದರೆ ಸಾಕು. ಹಳೆಯದು ಸತ್ತಿತು ಎಂದು ನಾನು ಹೇಳಿದರೆ ಆಸ್ಪತ್ರೆಯವರು ಅದನ್ನೇ ತರಿಸುತ್ತಾರೆ. ಭಾವ ಇನ್ನಷ್ಟು ದಿನ ಹುಲ್ಲಿನ ಮೇಲೆ ಓಡಾಡಿಕೊಂಡಿರುತ್ತಾರೆ.

ಪ್ಲಗ್ಗಿನ ತಲೆಯ ಮೇಲೆ ಒಂದು ರಬ್ಬರ್ ಟೋಪಿ ಇರುತ್ತದೆ. ಅದರೊಳಗಿನಿಂದಲೇ ಪ್ಲಗ್ಗಿಗೆ ಕರೆಂಟು ಹೋಗುವುದು. ಟೋಪಿ ಕಿತ್ತು, ಒಳಗೆ ಸೈಕಲ್ ಟ್ಯೂಬಿನ ಚೂರೊಂದನ್ನು ತುರುಕಿ, ಮತ್ತೆ ಮೇಲಿಟ್ಟೆ. ನೋಡಿದವರಿಗೆ ಕೂತ ಹಾಗೇ ಕಾಣುತ್ತದೆ, ಒಳಗೆ ಮುಟ್ಟುವುದಿಲ್ಲ. ಕೆಟ್ಟದ್ದನ್ನು ಸರಿಮಾಡಿ ಅನ್ನ ತಿಂದ ಕೈಗೆ, ಸರಿ ಇದ್ದದ್ದನ್ನು ಕೆಡಿಸಲು ಚಿಟಿಕೆ ಹೊಡೆಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಸಂಜೆ ಭಾವ ಅಂಗಡಿಯಲ್ಲೇ ಕೂತಿದ್ದಾಗ ಸೂಪರ್‌ವೈಸರ್ ಬಂದರು. ನಮ್ಮಿಬ್ಬರಿಗಿಂತ ತುಂಬಾ ಚಿಕ್ಕವರು, ಕೆಟ್ಟವರೇನಲ್ಲ. ಅಂಗಿಯ ತೋಳು ಮಡಚಿ ತಾವೇ ಹಗ್ಗ ಎಳೆದರು. ಮಶೀನು ಗೊರಕೆ ಹೊಡೆದು ಸುಮ್ಮನಾಯಿತು. ಬೆವರು ಬರುವವರೆಗೆ ಎಳೆದರು.

"ಏನಾಗಿದೆ ಯಜಮಾನ್ರೇ ಇದಕ್ಕೆ?"

"ವಯಸ್ಸಾಗಿದೆ ಸಾರ್. ಇನ್ನು ಏಳಲ್ಲ. ಬ್ಯಾಟರೀದು ಒಂದು ತರಿಸ್ಕೊಳ್ಳಿ."

"ಸದ್ಯ!" ಅವರ ಮುಖ ಅರಳಿತು. "ನಾನು ಇವರಿಗೇ ಏನೋ ಆಗಿದೆ ಅಂದ್ಕೊಂಡಿದ್ದೆ. ಆಯ್ತು, ಇದನ್ನ ಗುಜರಿಗೆ ಹಾಕ್ಬಿಡೋಣ."

ಭಾವ ಮಶೀನಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ದಿನಾ ನೋಡುವ ಕಣ್ಣು, ಟೋಪಿ ಕೂದಲೆಳೆಯಷ್ಟು ಎತ್ತರದಲ್ಲಿ ಕೂತದ್ದೂ ಅದಕ್ಕೆ ತಪ್ಪಲಿಲ್ಲ. ಎಡಗೈಯಲ್ಲಿ ಟೋಪಿಯನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ ಕಿತ್ತರು. ಟ್ಯೂಬಿನ ಚೂರು ನೆಲಕ್ಕೆ ಬಿತ್ತು. ಅದನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿದರು.

"ಅದರ ಟೋಪಿ ತೆಗೆದು ಇವರಿಗೆ ಟೋಪಿ ಹಾಕ್ತಿದ್ದೀಯಲ್ಲೋ," ಎಂದರು ಮೆಲ್ಲಗೆ.

ಟೋಪಿಯನ್ನು ಅಂಗೈಯಿಂದ ಒತ್ತಿ ಕೂರಿಸಿದರು. "ಈಗ ಎಳೀರಿ ಸಾರ್."

ಒಂದೇ ಎಳೆತಕ್ಕೆ ಎದ್ದಿತು. ಅಂಗಡಿಯೆಲ್ಲ ಹೊಗೆ, ಸದ್ದು. ನಾನೇ ಹೋಗಿ ಆರಿಸಿದೆ.

"ಮಶೀನ್ ಚೆನ್ನಾಗಿದೆ ಸಾರ್, ಗುಜರಿಗೆ ಹಾಕ್ಬೇಡಿ. ನನ್ನ ಕೈ ಹೋಗಿದೆ," ಎಂದರು ಭಾವ.

ನನಗೆ ತಡೆಯಲಾಗಲಿಲ್ಲ. "ಸುಮ್ನಿದ್ದಿದ್ರೆ ಏನಾಗ್ತಿತ್ತು? ಬ್ಯಾಟರೀದಾದ್ರೆ ಗುಂಡಿ ಒತ್ತಿದ್ರೆ ಸಾಕಿತ್ತಲ್ಲ!"

"ಒತ್ತಬಹುದು. ಹಿಡ್ಕೊಳ್ಳೋರು ಯಾರು?" ಭಾವ ನನ್ನ ಕಡೆ ತಿರುಗಲಿಲ್ಲ. "ನಿನ್ನೆ ಕಾವಲುಗಾರನ ಹತ್ರ ಎಳೆಸ್ಕೊಂಡು ಶುರು ಮಾಡ್ದೆ. ಕಲ್ಲುಬೆಂಚಿನ ಪಕ್ಕ ಕತ್ತರಿಸ್ತಾ ಇದ್ದೆ. ಯಾರೋ ಒಬ್ಬ ಹೆಂಗಸು, ಒಳಗೆ ಮಲಗಿರೋರ ಕಡೆಯವಳು, ಬಂದು ಕೂತಳು. ಕೈ ಬಿಚ್ಕೊಂಡ್ಬಿಡ್ತು. ಬ್ಲೇಡು ಅವಳ ಚಪ್ಪಲಿಯ ಅಂಚು ಕೊಯ್ದು ನೆಲಕ್ಕೆ ಹೋಯ್ತು. ಕಾಲಿಗೆ ತಾಗ್ಲಿಲ್ಲ. ಅಡ್ಡ ಬಂದೆ, ತಪ್ಪಾಯ್ತು ಅಂತ ಅವಳೇ ನನಗೆ ಕೈ ಮುಗಿದು ಎದ್ದು ಹೋದ್ಲು."

ಸೂಪರ್‌ವೈಸರ್ ಮಶೀನನ್ನು ತಾವೇ ಎತ್ತಿ ಹೆಗಲಿಗೆ ಹಾಕಿಕೊಂಡರು. ಅಭ್ಯಾಸವಿಲ್ಲದ ಹೆಗಲು, ಪಟ್ಟಿ ತಿರುಚಿಕೊಂಡಿತು.

"ಹೀಗೇ ಹೋದ್ರೆ ಕುತ್ತಿಗೆ ಕೊಯ್ಯತ್ತೆ ಸಾರ್," ಎಂದು ಭಾವ ಎಡಗೈಯಿಂದ ಪಟ್ಟಿ ಬಿಡಿಸಿ ಸರಿಮಾಡಿದರು. "ಹೊಸಬರು ಯಾರಾದ್ರೂ ಬಂದ್ರೆ ಹೇಳಿ, ಬೆಳಿಗ್ಗೆ ಚೋಕ್ ಪೂರ್ತಿ ಎಳೀಬೇಡಿ ಅಂತ. ಅರ್ಧ ಸಾಕು ಇದಕ್ಕೆ."

"ಹೇಳ್ತೀನಿ," ಎಂದು ಅವರು ಬೇಗ ಬೇಗ ಹೊರಟುಹೋದರು. ಹಿಂತಿರುಗಿ ನೋಡಲಿಲ್ಲ.

ನಾನು ಅಂಗಡಿಯ ಬಾಗಿಲು ಹಾಕಿ ಭಾವನ ಜೊತೆ ನಡೆದೆ. ಬೈಯುತ್ತಾರೇನೋ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ದಾರಿಯುದ್ದಕ್ಕೂ ಅವರ ಬಲ ಹೆಗಲು, ಭಾರವಿಲ್ಲದಿದ್ದರೂ, ಒಂದು ಕಡೆಗೆ ವಾಲಿಕೊಂಡೇ ಇತ್ತು.

ಅಕ್ಕ ಹೊಸಿಲಲ್ಲಿ ನಿಂತಿದ್ದಳು.

"ಎಲ್ರೀ ಮಶೀನು? ಇನ್ನೂ ಸರಿ ಹೋಗ್ಲಿಲ್ವಾ?"

"ಸರಿ ಹೋಯ್ತು ಕಣೇ. ಕೊಟ್ಟು ಬಂದೆ."

ಅಕ್ಕ ನನ್ನ ಮುಖ ನೋಡಿದಳು. ನಾನು ಚಪ್ಪಲಿ ಬಿಡುವ ನೆಪದಲ್ಲಿ ತಲೆ ಬಗ್ಗಿಸಿದೆ. ತನ್ನ ಮನೆಗೇ ಬಂದ ಗಂಡನನ್ನು ಯಾರೂ ಕರೆದು ಒಳಗೆ ಕೂರಿಸುವುದಿಲ್ಲ. ಅಕ್ಕ ಪಕ್ಕಕ್ಕೆ ಸರಿದು, "ಬನ್ನಿ, ಒಳಗೆ ಬನ್ನಿ," ಎಂದಳು.